ಹದಿಮೂರು ಮೀಟರು

ಇಷ್ಟೆಲ್ಲ ರಂಪವಾದದ್ದು ಹದಿಮೂರು ಮೀಟರಿನಿಂದ. ಹನ್ನೆರಡೂ ಅಲ್ಲ, ಹದಿನಾಲ್ಕೂ ಅಲ್ಲ. ಅಷ್ಟು ದೂರವನ್ನು ನೀವೂ ನಾನೂ ಮಾತಾಡುತ್ತ ಮಾತಾಡುತ್ತ ದಾಟಿಬಿಡುತ್ತೇವೆ, ದಾಟಿದ್ದು ಗೊತ್ತೂ ಆಗುವುದಿಲ್ಲ. ನಮ್ಮ ಕೂದಲೆಳೆಗೆ ಅದನ್ನು ದಾಟಲು ಬೆಳಗಿನ ಆರೂವರೆಯಿಂದ ಹತ್ತು ಗಂಟೆಯವರೆಗೆ ಹಿಡಿಯಿತು, ಅದೂ ಕುರ್ಚಿಯಿಂದ ಏಳದೆ.

ಕೂದಲೆಳೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಕ್ಷೆ ಕಚೇರಿಯವರು ಇಟ್ಟದ್ದು. ಹದಿನೆಂಟು ವರ್ಷ ಅಲ್ಲಿ ನಕ್ಷೆ ಬರೆದು ಒಂದು ಗೆರೆಯನ್ನೂ ಕೂದಲೆಳೆಯಷ್ಟು ಆಚೀಚೆ ಮಾಡಿದವನಲ್ಲ ಎಂಬ ಗೌರವ ಅದರಲ್ಲಿ ಅರ್ಧ. ತಲೆಯ ಮೇಲೆ ಒಂದೇ ಒಂದು ಎಳೆಯೂ ಉಳಿದಿಲ್ಲ ಎಂಬ ಕುಚೋದ್ಯ ಇನ್ನರ್ಧ. ಅವನು ಎರಡನ್ನೂ ಒಪ್ಪಿಕೊಂಡು ಹಾಯಾಗಿದ್ದ.

ಅವನ ಪಾಲಿಗೆ ಬಂದದ್ದು ನದಿಯ ಹಾಳೆ. ಈ ದಡ ಒಂದು ದೇಶ, ಆ ದಡ ಇನ್ನೊಂದು ದೇಶ. ಹಾಳೆಯಲ್ಲಿ ನದಿಯ ನಡುಮಧ್ಯಕ್ಕೆ ಬಂದು ಎಲ್ಲವೂ ನಿಂತುಬಿಡುತ್ತಿತ್ತು, ಅದರಾಚೆ ಬರೀ ಬಿಳಿ. ಆ ದಡದವರ ಹಾಳೆಯಲ್ಲಿ ಅವರ ಕಡೆ ಭರ್ತಿ, ಈ ಕಡೆ ಬಿಳಿಯಂತೆ. ಹೋದ ವರ್ಷ ನದಿ ಉಕ್ಕಿ ಎರಡೂ ದಡ ಮುಳುಗಿದಾಗ ಸರ್ಕಾರಗಳಿಗೆ ಒಂದು ವಿಷಯ ಹೊಳೆಯಿತು: ಇಷ್ಟು ದೊಡ್ಡ ನದಿ ಪೂರ್ತಿಯಾಗಿ ಯಾರ ನಕ್ಷೆಯಲ್ಲೂ ಇಲ್ಲ. ಇಬ್ಬರೂ ಅರ್ಧರ್ಧ ನದಿ ಇಟ್ಟುಕೊಂಡು ಕೂತಿದ್ದಾರೆ. ಹಾಗಾಗಿ ಒಪ್ಪಂದವಾಯಿತು. ನಮ್ಮ ಹಾಳೆ ನಿಮಗೆ, ನಿಮ್ಮ ಹಾಳೆ ನಮಗೆ, ಎರಡನ್ನೂ ಕೂಡಿಸಿ ಒಂದು ನಕ್ಷೆ.

ಆ ಬಿಳಿಯೊಳಗೆ ಎಲ್ಲೋ ಕೂದಲೆಳೆಯ ಅಕ್ಕ ಇದ್ದಳು.

ಅಕ್ಕನನ್ನು ಆ ದಡಕ್ಕೆ ಕೊಟ್ಟಾಗ ಅದು ದೂರವೇ ಆಗಿರಲಿಲ್ಲ. ದೋಣಿಯಿತ್ತು. ಬೆಳಿಗ್ಗೆ ಹೋಗಿ, ಮಾತಾಡಿಸಿ, ಜಗಳವಾಡಿ, ಸಂಜೆಯೊಳಗೆ ವಾಪಸು ಬರಬಹುದಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಎರಡು ಸರ್ಕಾರಗಳು ಏನೋ ಮುನಿಸಿಕೊಂಡು ದೋಣಿ ನಿಲ್ಲಿಸಿದವು. ಆಗ ಕೂದಲೆಳೆಗೆ ಇಪ್ಪತ್ತೆರಡು ವರ್ಷ, ತಲೆತುಂಬ ಕೂದಲು. ಅದು ಉದುರಿದ್ದನ್ನು ಅಕ್ಕ ನೋಡೇ ಇಲ್ಲ. ಅವಳ ತಲೆ ಎಷ್ಟು ಬೆಳ್ಳಗಾಗಿದೆಯೋ ಇವನು ನೋಡಿಲ್ಲ. ನಕ್ಷೆ ಕಚೇರಿಗೆ ಅರ್ಜಿ ಹಾಕಿದ್ದೂ ಇದೇ ಕಾರಣಕ್ಕೆ. ಅಕ್ಕ ಇರುವ ಬೀದಿಯನ್ನು ಕಾಗದದ ಮೇಲಾದರೂ ನೋಡಬಹುದು ಎಂಬ ಆಸೆ. ಕೆಲಸಕ್ಕೆ ಸೇರಿದ ದಿನವೇ ಎರಡು ಸಂಗತಿ ತಿಳಿದವು. ಒಂದು, ಆ ದಡದ ನಕ್ಷೆ ಇವರ ಹತ್ತಿರವೂ ಇಲ್ಲ. ಇನ್ನೊಂದು, ನಕ್ಷೆ ಕಚೇರಿಗೆ ಸೇರಿದವರನ್ನು ನದಿ ದಾಟಲು ಬಿಡುವುದಿಲ್ಲ.

ಆಮೇಲೆ ಸರ್ಕಾರಗಳ ಮುನಿಸು ತಣ್ಣಗಾಗಿ ಬೇರೆಯವರೆಲ್ಲ ಪರವಾನಗಿ ಪಡೆದು ಹೋಗಿಬಂದರು. ಇವನು ಏಳು ಸಲ ಅರ್ಜಿ ಹಾಕಿದ, ಏಳು ಸಲವೂ ಅದು ಹೋದಷ್ಟೇ ಬೇಗ ವಾಪಸು ಬಂತು. ಕಾಗದದ ನಕ್ಷೆಯಾದರೆ ಜೇಬು ತಡಕಿ ಕಿತ್ತುಕೊಳ್ಳಬಹುದು, ತಲೆಯೊಳಗೆ ಇಟ್ಟುಕೊಂಡವನನ್ನು ಏನು ಮಾಡುವುದು ಎಂಬುದು ಸರ್ಕಾರದ ಚಿಂತೆ. ಉಳಿದದ್ದು ಹದಿನೈದು ದಿನಕ್ಕೊಮ್ಮೆ ಫೋನು. ಅದರಲ್ಲೂ ಯಾರೋ ಮೂರನೆಯವರು ಕದ್ದು ಕೇಳುತ್ತಿದ್ದರು, ಅವರ ಉಸಿರು ಇಬ್ಬರಿಗೂ ಕೇಳಿಸುತ್ತಿತ್ತು. ನಕ್ಷೆ ಕಚೇರಿಯವರು ಆ ದಡದವರ ಹತ್ತಿರ ತಮ್ಮ ಕೆಲಸದ ಮಾತೆತ್ತುವಂತಿಲ್ಲ. ಹಾಗಾಗಿ ಅಕ್ಕನ ಲೆಕ್ಕದಲ್ಲಿ ತಮ್ಮ ನೀರು ಸರಬರಾಜು ಕಚೇರಿಯ ಗುಮಾಸ್ತ. ಅಕ್ಕ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತೇನೆ ಎನ್ನುತ್ತಿದ್ದಳು. ನೀನೇ ಬಾರಕ್ಕ ಎಂದರೆ ಅವಳಿಗೆ ಮಂಡಿ ನೋವು, ನೀನೇ ಬಾರೋ ಎಂದರೆ ಇವನಿಗೆ ರಜೆಯಿಲ್ಲ. ಮಂಡಿ ನೋವು, ಬಿಸಿಲು, ಮತ್ತೆ ಮಂಡಿ ನೋವು, ಇಷ್ಟರಲ್ಲಿ ಮಾತು ಮುಗಿಯುತ್ತಿತ್ತು. 

ಈಗ ಒಪ್ಪಂದಕ್ಕೆ ಬರೋಣ. ಎರಡು ಹಾಳೆಗಳ ಅಂಚು ಕೂಡಿಸುವ ಕೆಲಸಕ್ಕೆ ಅದರಲ್ಲಿ ಒಂದೂವರೆ ಸಾಲಿನ ಹೆಸರಿತ್ತು. ಒಂದೇ ಉಸಿರಿಗೆ ಹೇಳಲಾಗದೆ ಕಚೇರಿಯವರು ಅದನ್ನು 'ಬೀಗತನ' ಎಂದುಬಿಟ್ಟರು. ಆ ದಡದ ನಕ್ಷೆ ಕಚೇರಿಯವರು ಬೀಗರಾದರು. "ಬೀಗರಿಂದ ಕಾಗದ ಬಂತು", "ಬೀಗರು ಯಾಕೋ ಸುಮ್ಮನಾಗಿದ್ದಾರೆ", "ಬೀಗರ ಮುಂದೆ ಮಾನ ಕಳೀಬೇಡಿ" ಎಂದೆಲ್ಲ ಮಾತು ನಡೆಯುತ್ತಿತ್ತು. ನಮ್ಮ ಹಾಳೆ ಹೆಣ್ಣಿನ ಕಡೆಯದೋ ಗಂಡಿನ ಕಡೆಯದೋ ಎಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ.

ಆ ಒಪ್ಪಂದದಲ್ಲಿ ಒಂದು ನಿಯಮವಿತ್ತು. ಹಾಳೆಗಳನ್ನು ಕೂಡಿಸಿದಾಗ ಗೆರೆಗಳು ಹನ್ನೆರಡು ಮೀಟರಿನವರೆಗೆ ತಪ್ಪಿದರೆ ಕಚೇರಿಯಲ್ಲೇ ಕೂತು ಸರಿಮಾಡಿಕೊಳ್ಳಬೇಕು. ಹನ್ನೆರಡು ದಾಟಿದರೆ ಹಾಳೆ ಬರೆದವರೇ ಎದುರು ದಡಕ್ಕೆ ಹೋಗಿ, ನೆಲದ ಮೇಲೆ ನಿಂತು, ಅಳೆದು ಬರಬೇಕು. ಈ ಕಡೆಯವರು ಆ ಕಡೆಗೆ, ಆ ಕಡೆಯವರು ಈ ಕಡೆಗೆ. ಹದಿನೈದು ದಿನ. ಬೇರೆ ಪರವಾನಗಿ ಬೇಡ. ಇದನ್ನು ಓದಿದ ದಿನ ಕೂದಲೆಳೆಗೆ ಊಟ ಸೇರಲಿಲ್ಲ.

ನದಿಯ ಮೇಲೆ ಎರಡೂ ಹಾಳೆಗಳಿಗೆ ಸೇರಿದ್ದು ಒಂದೇ ಒಂದು ಗೆರೆ. ಹಳೆಯ ದೋಣಿ ದಾರಿಯ ಚುಕ್ಕಿಗೆರೆ. ಸರ್ಕಾರ ದೋಣಿ ನಿಲ್ಲಿಸಿತೇ ಹೊರತು ಚುಕ್ಕಿ ಅಳಿಸಿ ಎಂದು ಯಾರಿಗೂ ಹೇಳಿರಲಿಲ್ಲ. ಈ ದಡದ ದೋಣಿಕಟ್ಟೆಯಿಂದ ನಡುನೀರಿನವರೆಗೆ ಚುಕ್ಕಿಗಳು ಇವನವು, ಅಲ್ಲಿಂದ ಮುಂದಕ್ಕೆ ಬೀಗರವು. ದೋಣಿಕಟ್ಟೆಯನ್ನೇ ಒಂದಿಷ್ಟು ಸರಿಸಿದರೆ ಚುಕ್ಕಿಗಳು ತಪ್ಪುತ್ತವೆ. ತಪ್ಪಿದರೆ ಅಕ್ಕ ಸಿಗುತ್ತಾಳೆ. ಅಲ್ಲಿಗೆ ಹೋಗಿ ಅಳೆದ ಮೇಲೆ ತಾನೇ ತಪ್ಪೊಪ್ಪಿಕೊಂಡು ಸರಿಮಾಡಿದರಾಯಿತು. ಆ ಕಟ್ಟೆಯ ಹತ್ತಿರ ಈಗ ಪಾಳುಬಿದ್ದ ಅಂಬಿಗನ ಗುಡಿಸಲೊಂದು, ಯಾರೂ ಸೇದದ ಬಾವಿಯೊಂದು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಯಾರಿಗೂ ತೊಂದರೆಯಿಲ್ಲ.

ನದಿ ಹರಿಯುವ ಕಡೆಗೆ ಸರಿಸುವಂತಿರಲಿಲ್ಲ, ಅಲ್ಲಿ ನೀರಿನ ಮಟ್ಟ ಅಳೆಯುವ ಕಲ್ಲುಗಳು ಎರಡೂ ದಡದಲ್ಲಿ ಎದುರುಬದುರು ನಿಂತಿದ್ದವು. ಅವುಗಳ ಜಾಗ ಎರಡೂ ಕಚೇರಿಗಳಿಗೆ ಬಾಯಿಪಾಠ. ಹಾಗಾಗಿ ಮೇಲ್ಗಡೆಗೇ ಸರಿಸಬೇಕು. ಎಷ್ಟು? ಹನ್ನೆರಡರ ಮೇಲೆ ಒಂದು. ಇಪ್ಪತ್ತೋ ಮೂವತ್ತೋ ಮಾಡಬಹುದಿತ್ತು, ಆದರೆ ಅವನಿಗೆ ತಪ್ಪನ್ನೂ ಬೇಕಾದ್ದಕ್ಕಿಂತ ಹೆಚ್ಚು ಮಾಡಿ ಗೊತ್ತಿರಲಿಲ್ಲ.

ಬೀಗರು ಬರುವ ದಿನ ಬೆಳಿಗ್ಗೆ ಆರೂವರೆಗೇ ಬಂದು ಕಂಪ್ಯೂಟರಿನ ಮುಂದೆ ಕೂತ. ಮಧ್ಯಾಹ್ನ ಮೂರಕ್ಕೆ ಹಾಳೆ ಕೂಡಿಸುವ ಕಾರ್ಯಕ್ರಮ. ವ್ಯತ್ಯಾಸ ಬಂದರೆ ಬೀಗರು ವಾಪಸು ಹೋಗುವ ಲಾಂಚಿನಲ್ಲೇ ಸಂಜೆ ಐದಕ್ಕೆ ಹೊರಡಬೇಕು. ಹೆಂಡತಿ ಹಿಂದಿನ ದಿನವೇ ಬಟ್ಟೆ ತುಂಬಿ ಕೊಟ್ಟ ಚೀಲ ಮೇಜಿನಡಿ ಇತ್ತು.

ಕಟ್ಟೆಯನ್ನು ಹಿಡಿದು ಎಳೆಯಲು ಹೋದರೆ ಕೈ ಕೇಳಲಿಲ್ಲ. ಹದಿನೆಂಟು ವರ್ಷ ಸರಿ ಮಾಡಿ ಮಾಡಿ ಮರಗಟ್ಟಿದ ಕೈ. ಬಲಗೈಯನ್ನು ಎಡಗೈಯಿಂದ ಹಿಡಿದು ಮೌಸನ್ನು ತಳ್ಳಿದ. ಕಟ್ಟೆ ಸರಿಯಿತು, ಅದರ ಜತೆ ಚುಕ್ಕಿಗೆರೆಯೂ ಸರಿಯಿತು. ಆದರೆ ಅದಕ್ಕೆ ಬರುವ ರಸ್ತೆ ಹಳೆಯ ಜಾಗದಲ್ಲೇ ನಿಂತು ನೇರ ನೀರಿಗೆ ಇಳಿಯಿತು. ರಸ್ತೆಯನ್ನು ಸರಿಸಿದ. ರಸ್ತೆ ಹೋಗಿ ಅಂಬಿಗನ ಗುಡಿಸಲ ನಡುವೆ ತೂರಿತು. ಗುಡಿಸಲು ಸರಿಸಿದ. ಗುಡಿಸಲು ಬಾವಿಯ ಮೇಲೆ ಕೂತಿತು. ಬಾವಿ ಸರಿಸಿದರೆ ಬಾವಿ ಪಕ್ಕದ ಹೊಲದ ಬೇಲಿಯಾಚೆ ಬಿತ್ತು, ಬೇಲಿ ಸರಿಸದೆ ವಿಧಿಯಿರಲಿಲ್ಲ. ಹತ್ತು ಗಂಟೆಗೆ ಬೆವರೊರೆಸಿಕೊಂಡು ನೋಡಿದರೆ ಆ ಪಾಳು ಮೂಲೆಯೇ ಇಡಿಯಾಗಿ ಹದಿಮೂರು ಮೀಟರು ನಡೆದು ಹೋಗಿತ್ತು.

"ಇದೇನ್ರೀ, ಬಾವಿ ಇಲ್ಲಿಗೆ ಬಂದಿದೆ?"

ಹಿಂದೆ ಬಣ್ಣದಮ್ಮ ನಿಂತಿದ್ದರು. ನಕ್ಷೆಗೆ ಬಣ್ಣ ತುಂಬುವುದು ಅವರ ಕೆಲಸ, ಎಲ್ಲರ ಮನೆ ವಿಷಯಕ್ಕೆ ಬಣ್ಣ ತುಂಬುವುದು ಅವರ ಹವ್ಯಾಸ.

"ಬಾವಿ ಅಲ್ಲೇ ಇತ್ತಲ್ಲಾ," ಎಂದ ಕೂದಲೆಳೆ.

"ನಾನೇ ನೀಲಿ ತುಂಬಿದ್ದೀನಿ ರೀ. ನೋಡಿ, ನನ್ನ ನೀಲಿ ಅಲ್ಲಿದೆ, ನಿಮ್ಮ ಬಾವಿ ಇಲ್ಲಿದೆ. ನೀರೊಂದು ಕಡೆ, ಬಾವಿಯೊಂದು ಕಡೆ."

ಕೂದಲೆಳೆ ಬಾಯಿ ಬಿಡುವಷ್ಟರಲ್ಲಿ ಬಣ್ಣದಮ್ಮನೇ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡರು.

"ನಿಮ್ಮ ಕೈಯಲ್ಲಿ ತಪ್ಪಾಗುತ್ತಾ? ನನ್ನದೇ ಕಣ್ಣು ಹೋಗಿದೆ. ಯಾರಿಗೂ ಹೇಳಬೇಡಿ, ರಿಟೈರಾಗೋಕೆ ಇನ್ನು ಎರಡೇ ವರ್ಷ ಇದೆ," ಎಂದು ದನಿ ತಗ್ಗಿಸಿ, ತಾವೇ ಕೂತು ನೀಲಿಯನ್ನು ಬಾವಿಗೆ ತುಂಬಿಸಿ ಹೋದರು. ಕೂದಲೆಳೆಗೆ ಮುದುಕಿಯ ಕಣ್ಣು ಕದ್ದವನಂತೆ ಅನ್ನಿಸಿತು.

ಮುಂದಿನ ಸರದಿ ತಾಳೆಯವರದು. ಬರೆದ ಹಾಳೆಯನ್ನು ಅಳತೆ ಪುಸ್ತಕದ ಜತೆ ತಾಳೆ ನೋಡಿ ಸಹಿ ಹಾಕುವ ಮನುಷ್ಯ. ಬೇರೆಯವರ ಹಾಳೆಯನ್ನು ಮೂರು ಮೂರು ಸಲ ವಾಪಸು ಕಳಿಸಿ ಅಳಿಸುವುದರಲ್ಲಿ ಹೆಸರುವಾಸಿ. ಅವರು ಬಂದವರೇ ಪುಸ್ತಕ ಬಿಚ್ಚದೆ ಸಹಿ ಹಾಕಿದರು.

"ಒಂದು ಸಲ ನೋಡಿಬಿಡಿ," ಎಂದ ಕೂದಲೆಳೆ, ಪಾಪಪ್ರಜ್ಞೆ ತಡೆಯಲಾಗದೆ.

"ನಿಮ್ಮ ಹಾಳೆ ತಾಳೆ ನೋಡಿದ್ರೆ ಜನ ನಗ್ತಾರೆ ನನ್ನ ನೋಡಿ," ಎಂದು ತಾಳೆಯವರು ಎದ್ದರು. ಏಳುವಾಗ ಕಾಲಿಗೆ ಏನೋ ತಾಗಿತು. "ಇದೇನು ಚೀಲ?"

"ಏನಿಲ್ಲ, ಬಟ್ಟೆ."

"ಬಟ್ಟೆ?"

ವ್ಯತ್ಯಾಸ ಬರುತ್ತದೆ, ನಾನು ಹೊರಡುತ್ತೇನೆ, ಅದಕ್ಕೆ ತಂದಿದ್ದೇನೆ ಎನ್ನಲಾಗುತ್ತದೆಯೇ? ಇನ್ನೂ ಕೂಡಿಸದ ಹಾಳೆಯಲ್ಲಿ ವ್ಯತ್ಯಾಸ ಬರುವುದು ಇವನಿಗೆ ಹೇಗೆ ಗೊತ್ತು? ಕೂದಲೆಳೆ ಹುಳ್ಳಗೆ ನಕ್ಕ. ಆ ನಗುವೇ ಮುಳುವಾಯಿತು. ಅವನು ಕೈತೊಳೆಯಲು ಹೋದಾಗ ತಾಳೆಯವರು ಚೀಲದ ಬಾಯಿ ಬಿಚ್ಚಿ ಇಣುಕಿದರು. ಹಾಳೆಯನ್ನು ತಾಳೆ ನೋಡದವರು ಚೀಲವನ್ನು ಎರಡು ಸಲ ತಾಳೆ ನೋಡಿದರು.

ಹನ್ನೊಂದು ಗಂಟೆಗೆ ಕುಡಿಯುವ ನೀರಿನ ಹತ್ತಿರ ಬಣ್ಣದಮ್ಮ ಹೇಳುತ್ತಿದ್ದರು: "ನಾಲ್ಕು ಜೊತೆ ಬಟ್ಟೆ, ಹಲ್ಲುಜ್ಜೋ ಬ್ರಷ್ಷು, ಚಪ್ಪಲಿ. ಹೆಂಡತಿ ಹೊರಗೆ ಹಾಕಿದ್ದಾಳೆ. ಪಾಪ, ಬೆಳಿಗ್ಗೆ ಆರೂವರೆಗೇ ಬಂದು ಕೂತಿದ್ದಾರೆ, ಇನ್ನೆಲ್ಲಿಗೆ ಹೋಗ್ತಾರೆ." ಹನ್ನೊಂದೂವರೆಗೆ ಅದು ಮೇಲಿನ ಮಹಡಿ ತಲುಪಿತು. ಹನ್ನೆರಡಕ್ಕೆ ಸಾಹೇಬರಿಂದ ಕರೆ ಬಂತು.

ಸಾಹೇಬರು ಬಾಗಿಲು ಹಾಕಿಸಿ, ತಮ್ಮ ಕೈಯಾರೆ ನೀರು ಬಗ್ಗಿಸಿ ಕೊಟ್ಟರು. "ನನಗೂ ಸಂಸಾರ ಇದೆ ನೋಡಿ. ನಾನೂ ಒಂದು ಸಲ ಹೀಗೇ ಚೀಲ ಹಿಡ್ಕೊಂಡು ಬಂದು ಇದೇ ಸೋಫಾ ಮೇಲೆ ಮಲಗಿದ್ದೆ. ಎರಡು ದಿನ. ಆಮೇಲೆ ಬೆನ್ನು ಹಿಡ್ಕೊಂಡಿತು, ಮನೆಗೆ ಹೋದೆ."

"ಹಾಗೇನಿಲ್ಲ ಸಾರ್. ಮನೇಲಿ ಎಲ್ಲಾ ಚೆನ್ನಾಗಿದೆ."

"ನಾನೂ ಎಲ್ಲರ ಹತ್ರ ಹಾಗೇ ಅಂದಿದ್ದೆ." ಸಾಹೇಬರು ಅವನ ಭುಜ ತಟ್ಟಿದರು. "ಒಂದು ಕೆಲಸ ಮಾಡೋಣ. ವ್ಯತ್ಯಾಸ ಅಂತೂ ಬರಲ್ಲ, ನಿಮ್ಮ ಹಾಳೆ ಅಲ್ವಾ. ಅಕಸ್ಮಾತ್ ಬಂದ್ರೂ ಆ ದಡಕ್ಕೆ ನೀವು ಬೇಡ, ತಾಳೆಯವರು ಹೋಗಲಿ. ಬರೆದವರಿಗೆ ಆಗದಿದ್ರೆ ತಾಳೆ ನೋಡಿದವರು ಅಂತ ಒಪ್ಪಂದದಲ್ಲೇ ಇದೆ. ಈ ಸ್ಥಿತೀಲಿ ನಿಮ್ಮನ್ನ ಹದಿನೈದು ದಿನ ಮನೆ ಬಿಡಿಸಿದ್ರೆ ಆ ಪಾಪ ನನಗೆ."

ಕೂದಲೆಳೆಗೆ ನಿಂತ ನೆಲ ಸರಿದಂತಾಯಿತು. ಬೆಳಗಿನಿಂದ ಒಂದು ಊರಿನ ಮೂಲೆಯನ್ನೇ ಹೊತ್ತು ಸಾಗಿಸಿದ್ದು ತಾಳೆಯವರನ್ನು ಕಳಿಸಲಿಕ್ಕೇ? ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. "ಹೇಗಿದ್ದೀಯೋ ಹಾಗೇ ಹೊರಟು ಬಾ. ನೀನು ನನ್ನ ಮನೆಯಿಂದ ಓಡಿಸಿಲ್ಲ ಅಂತ ಸಾಹೇಬರಿಗೆ ಹೇಳಬೇಕು."

"ಓಡಿಸಿದ್ದು ಯಾವಾಗ?" ಎಂದಳು ಹೆಂಡತಿ.

ಅವಳು ಎರಡು ಗಂಟೆಗೆ ಬಂದಾಗ ಬಾಗಿಲಲ್ಲೇ ಬಣ್ಣದಮ್ಮ ಹಿಡಿದುಕೊಂಡರು. "ಹೋಗಲಿ ಬಿಡಮ್ಮ, ಗಂಡಸರ ಬುದ್ಧಿ. ಹೊಟ್ಟೆಗೆ ಹಾಕ್ಕೊಂಡು ಕರ್ಕೊಂಡು ಹೋಗು." ಮೆಟ್ಟಿಲ ಮೇಲೆ ತಾಳೆಯವರು ಸಿಕ್ಕು, ತಪ್ಪು ಎರಡೂ ಕಡೆ ಇರುತ್ತದೆ ಎಂದರು. ಸಾಹೇಬರ ಕೋಣೆ ತಲುಪುವ ಹೊತ್ತಿಗೆ ಅವಳಿಗೆ ಕಥೆಯೆಲ್ಲ ಅರ್ಥವಾಗಿತ್ತು.

"ಮನೇಲಿ ಎಲ್ಲಾ ಸರಿ ಇದೆಯಾ ಅಮ್ಮಾ?" ಎಂದರು ಸಾಹೇಬರು.

"ಸರಿ ಇದೆ ಸಾರ್. ಆ ಬಟ್ಟೆ ಇಸ್ತ್ರಿಗೆ ಕೊಡಿ ಅಂತ ನಾನೇ ಕಳಿಸಿದ್ದು."

"ಹಲ್ಲುಜ್ಜೋ ಬ್ರಷ್ಷು?"

"ಅದು ಕೀಬೋರ್ಡಿನ ಧೂಳು ತೆಗೆಯೋಕೆ. ಮನೇಲಿ ಒಂದು ಬ್ರಷ್ಷು ಉಳಿಸಲ್ಲ ಸಾರ್ ಇವರು."

"ಚಪ್ಪಲಿ?"

ಹೆಂಡತಿ ಒಂದು ಕ್ಷಣ ತಡೆದಳು. "ಹೊಲಿಸೋಕೆ. ಸಾರ್, ಇವರನ್ನ ನೀವು ಎಲ್ಲಿಗಾದ್ರೂ ಹದಿನೈದು ದಿನ ಕಳಿಸಿದ್ರೆ ನನಗೂ ಸ್ವಲ್ಪ ಪುರಸೊತ್ತು ಸಿಗುತ್ತೆ."

ಸಾಹೇಬರು ಮೇಜು ಕುಟ್ಟಿ ನಕ್ಕರು. ಇಷ್ಟು ನೆಮ್ಮದಿಯ ಸಂಸಾರ ತಮಗೂ ಇಲ್ಲ ಎಂದರು. ವ್ಯತ್ಯಾಸ ಬಂದರೆ ಕೂದಲೆಳೆಯೇ ಹೋಗುವುದೆಂದು ಮತ್ತೆ ತೀರ್ಮಾನವಾಯಿತು.

ಹೊರಗಿನ ಉದ್ದ ಮೊಗಸಾಲೆಯಲ್ಲಿ ಇಬ್ಬರೇ ಆದಾಗ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡಿದಳು. ಅವರ ಮದುವೆಯಾದದ್ದು ದೋಣಿ ನಿಂತ ಮೇಲೆ.

"ಅಕ್ಕನ್ನ ನಾನು ಒಂದು ಸಲಾನೂ ನೋಡಿಲ್ಲ," ಎಂದಳು. "ಸರಿಯಾಗಿ ನೋಡ್ಕೊಂಡು ಬನ್ನಿ. ಹೇಗೆ ನಡೀತಾರೆ, ನಗುವಾಗ ಏನು ಮಾಡ್ತಾರೆ, ಎಲ್ಲಾ ಬಂದು ಹೇಳಬೇಕು. ಬರೀ ಚೆನ್ನಾಗಿದ್ದಾಳೆ ಅಂದ್ರೆ ನಾನು ಸುಮ್ಮನಿರಲ್ಲ."

ಅವನು ತಲೆಯಾಡಿಸಿದ.

ಮೂರಕ್ಕೆ ದೊಡ್ಡ ಕೋಣೆಯಲ್ಲಿ ಎಲ್ಲರೂ ಸೇರಿದರು. ಬೀಗರು ಮೂವರು ಬಂದಿದ್ದರು. ಮುಂದಾಳಾದ ದೊಡ್ಡ ಬೀಗರು ಸಣ್ಣ ಆಳು, ಮಾತು ಮಾತ್ರ ನಿಧಾನ, ತುಂಬ ಮರ್ಯಾದೆಯದು. ಅವರು ತಂದ ಹಾಳೆಯನ್ನು ಕಂಪ್ಯೂಟರಿಗೆ ಹಾಕಿದರು. ಗೋಡೆಯ ಮೇಲಿನ ಪರದೆಯಲ್ಲಿ ನದಿಯಾಚೆಯ ಬಿಳಿ ನಿಧಾನವಾಗಿ ತುಂಬತೊಡಗಿತು.

ಕೂದಲೆಳೆ ಎದ್ದು ನಿಂತದ್ದು ಅವನಿಗೇ ಗೊತ್ತಾಗಲಿಲ್ಲ. ಹದಿನೆಂಟು ವರ್ಷ ನೋಡಿ ನೋಡಿ ಸವೆದ ಬಿಳಿಯಲ್ಲಿ ಬೀದಿಗಳು ಬಂದವು, ಶಾಲೆ ಬಂತು, ಒಂದು ತಿರುವು ಬಂತು, ಸಾಲು ಮನೆಗಳು ಬಂದವು. ಅಡುಗೆಮನೆ ಕಿಟಕಿಯಿಂದ ನದಿ ಕಾಣಲ್ಲ, ನೀರಿನ ಟ್ಯಾಂಕೇ ಅಡ್ಡ ಎಂದು ಅಕ್ಕ ಒಮ್ಮೆ ಫೋನಿನಲ್ಲಿ ಬೇಸರಪಟ್ಟುಕೊಂಡಿದ್ದಳು. ಟ್ಯಾಂಕು ಸಿಕ್ಕಿತು. ಅದರ ಹಿಂದೆ ನಾಲ್ಕು ಪುಟ್ಟ ಚೌಕಗಳು. ನಾಲ್ಕರಲ್ಲಿ ಒಂದು ಅಕ್ಕನದು. ಯಾವುದು ಎಂದು ಗೊತ್ತಾಗಲಿಲ್ಲ, ನಾಲ್ಕನ್ನೂ ಕಣ್ತುಂಬ ನೋಡಿದ. ಇನ್ನು ಕೆಲವು ಗಂಟೆ ಕಳೆದರೆ ಅಕ್ಕನೇ ಕೈಹಿಡಿದು ಒಳಗೆ ಕರೆಯುತ್ತಾಳಲ್ಲ ಎಂದುಕೊಂಡ.

"ಈಗ ಕೂಡಿಸೋಣ," ಎಂದರು ಸಾಹೇಬರು.

ಎರಡು ಹಾಳೆಗಳು ನಡುನೀರಿನಲ್ಲಿ ಸೇರಿದವು. ಪರದೆಯ ಮೂಲೆಯಲ್ಲಿ ಅಕ್ಷರ ಮೂಡಿತು. ವ್ಯತ್ಯಾಸ: ಸೊನ್ನೆ.

ಕೋಣೆ ಚಪ್ಪಾಳೆಯಿಂದ ತುಂಬಿಹೋಯಿತು. ಕೂದಲೆಳೆಯೊಬ್ಬನೇ ಚಪ್ಪಾಳೆ ತಟ್ಟಲಿಲ್ಲ.

"ಇನ್ನೊಂದು ಸಲ ನೋಡಿ," ಎಂದ.

"ಏನು ವಿನಯ," ಎಂದರು ದೊಡ್ಡ ಬೀಗರು. ಇನ್ನೊಂದು ಸಲ ನೋಡಿದರು. ಸೊನ್ನೆ. ಈ ಕಡೆಯ ಚುಕ್ಕಿಗೆ ಆ ಕಡೆಯ ಚುಕ್ಕಿ ಸೂಜಿಗೆ ದಾರ ಪೋಣಿಸಿದಂತೆ ಕೂತಿತ್ತು.

"ನಾನು ಒಂದೊಂದು ಚುಕ್ಕಿಯನ್ನೂ ಎಣಿಸಿ ತಾಳೆ ನೋಡಿದ್ದೆ," ಎಂದರು ತಾಳೆಯವರು. ಬಣ್ಣದಮ್ಮ ಬಾವಿಯ ನೀಲಿಯನ್ನು ನೋಡಿ ನಿಟ್ಟುಸಿರು ಬಿಟ್ಟರು.

ಕೂದಲೆಳೆ ಮತ್ತೆ ಕುರ್ಚಿಯಲ್ಲಿ ಕೂತ. ತಾನು ತಪ್ಪು ಬರೆದದ್ದು ನಿಜ, ಬೆಳಗಿನಿಂದ ಬೆವರಿದ ಅಂಗಿ ಇನ್ನೂ ಮೈಗೆ ಅಂಟಿತ್ತು. ಹಾಗಿದ್ದೂ ಹೊಂದಿದೆ ಎಂದರೆ ಒಂದೇ ಅರ್ಥ. ಆ ದಡದಲ್ಲೂ ಯಾರೋ ಕೂತು ತಮ್ಮ ದೋಣಿಕಟ್ಟೆಯನ್ನು ಹದಿಮೂರು ಮೀಟರು ಮೇಲಕ್ಕೆ ಸರಿಸಿದ್ದಾರೆ. ಅವರೂ ಅದೇ ನಿಯಮ ಓದಿದವರು. ಅವರಿಗೂ ಕೆಳಗಡೆಗೆ ಅಳತೆ ಕಲ್ಲು ಅಡ್ಡ. ಹನ್ನೆರಡರ ಮೇಲೆ ಒಂದೇ ಒಂದು ಸಾಕೆಂದು ನಿಲ್ಲಿಸಿದ್ದಾರೆ. ಆ ದಡದಲ್ಲೂ ಈ ದಡಕ್ಕೆ ಬರಲು ಪ್ರಾಣ ಬಿಡುತ್ತಿರುವವರು ಒಬ್ಬರಿದ್ದಾರೆ.

"ನಮ್ಮ ಕಡೆ ಇದನ್ನ ಬರೆದವರು ಒಬ್ಬ ಹೆಣ್ಣುಮಗಳು," ಎಂದು ದೊಡ್ಡ ಬೀಗರು ಚಹಾ ಕುಡಿಯುತ್ತ ಹೇಳತೊಡಗಿದರು. "ಬಹಳ ಕಟ್ಟುನಿಟ್ಟು. ಆದ್ರೆ ಈ ಸಲ ಯಾಕೋ, ವ್ಯತ್ಯಾಸ ಬಂದೇ ಬರುತ್ತೆ ಅಂತ ಹಟ ಹಿಡಿದಿದ್ರು. ನಮ್ಮ ದಡದ ಲಾಂಚಿನ ಕಟ್ಟೆ ಮೇಲೆ ಪೆಟ್ಟಿಗೆ ಇಟ್ಕೊಂಡೇ ಕೂತಿದ್ದಾರೆ, ಈಗ ಹೋಗಿ ಹೇಳಬೇಕು. ಪಾಪ, ಅವರ ತವರು ನಿಮ್ಮ ಕಡೇದೇ. ದೋಣಿ ನಿಂತಾಗ ಆಚೆ ಉಳಿದವರು. ಒಬ್ಬ ತಮ್ಮ ಇದ್ದಾನಂತೆ ಇಲ್ಲಿ, ನೀರು ಸರಬರಾಜು ಕಚೇರೀಲಿ ಗುಮಾಸ್ತ. ಅವನನ್ನ ಹುಡುಕಿ ನೋಡಬೇಕು ಅಂತಿದ್ರು."

ಕೂದಲೆಳೆ ಕೈಯಲ್ಲಿದ್ದ ಚಹಾ ಬಟ್ಟಲನ್ನು ಕೆಳಗಿಟ್ಟ. ಚಿತ್ರ ಕಲಿಸುವ ಅಕ್ಕ. ತಮ್ಮನ ಬೀದಿಯನ್ನು ಕಾಗದದ ಮೇಲಾದರೂ ನೋಡೋಣವೆಂದು ಅವಳೂ ಅಲ್ಲಿ ಸೇರಿಕೊಂಡಿರಬೇಕು. ಸೇರಿದ ದಿನ ಅವಳಿಗೂ ಬಿಳಿಯೇ ಸಿಕ್ಕಿರಬೇಕು. ಹದಿನೆಂಟು ವರ್ಷ ಒಂದೇ ನದಿಗೆ ಎರಡು ಕಡೆಯಿಂದ ಗೆರೆ ಎಳೆಯುತ್ತ ಕೂತಿದ್ದಾರೆ ಅಕ್ಕ ತಮ್ಮ. ಇಬ್ಬರಲ್ಲಿ ಒಬ್ಬರು ಸುಮ್ಮನೆ ತಮ್ಮ ಪಾಡಿಗೆ ಸರಿಯಾಗಿ ಬರೆದಿದ್ದರೂ ಸಾಕಿತ್ತು, ಇವತ್ತು ಇವನು ಆ ಕಡೆಗೆ, ಅವಳು ಈ ಕಡೆಗೆ ಹೊರಟು, ಬೇರೇನಿಲ್ಲದಿದ್ದರೂ ಆ ಲಾಂಚಿನ ಕಟ್ಟೆ ಮೇಲೆ ಒಂದು ಸಲ ಎದುರುಬದುರಾಗುತ್ತಿದ್ದರು.

ಬಾಯಿಬಿಟ್ಟು ಹೇಳಬೇಕೆನ್ನಿಸಿತು. ಹೇಳಿದರೆ ಇವನ ಕೆಲಸ ಹೋಗುತ್ತದೆ, ಅದು ಹೋಗಲಿ. ಜತೆಗೆ ಅಕ್ಕನದೂ ಹೋಗುತ್ತದೆ. ಅವಳ ಹಾಳೆಯನ್ನು ಕೆದಕುತ್ತಾರೆ, ಆಮೇಲೆ ಇಬ್ಬರಿಗೂ ಫೋನು ಕೂಡ ಇರುವುದಿಲ್ಲ.

ಅಷ್ಟರಲ್ಲಿ ಸಾಹೇಬರು ಎದ್ದು ನಿಂತಿದ್ದರು. "ಇವತ್ತು ಒಂದು ದೊಡ್ಡ ನಿರ್ಧಾರ ಮಾಡಿದ್ದೀವಿ. ನಮ್ಮಿಬ್ಬರ ಹಾಳೆಗಳು ಇಷ್ಟು ಚೆನ್ನಾಗಿ ಹೊಂದುವಾಗ ನದಿ ದಾಟಿ ಅಳೆಯೋ ನಿಯಮ ಯಾಕೆ? ಇನ್ನು ಮುಂದಿನ ಎಲ್ಲಾ ಹಾಳೆಗಳಿಗೂ ಆ ನಿಯಮವನ್ನ ತೆಗೆದುಹಾಕಿದ್ದೀವಿ. ಇದಕ್ಕೆಲ್ಲ ಕಾರಣ ನಮ್ಮ ಕೂದಲೆಳೆಯವರು." ಮತ್ತೆ ಚಪ್ಪಾಳೆ. ಅವನ ಹಾಳೆಗೆ ಚೌಕಟ್ಟು ಹಾಕಿಸಿ, ಅವನ ಮೇಜಿನ ಎದುರಿನ ಗೋಡೆಗೇ ತೂಗುಹಾಕುವುದೆಂದೂ ಆಯಿತು. ಆ ಹದಿಮೂರು ಮೀಟರನ್ನು ನಿವೃತ್ತಿಯಾಗುವವರೆಗೆ ದಿನಾ ನೋಡುತ್ತ ಕೂರಬೇಕು.

ಲಾಂಚಿಗೆ ಹೊರಟಾಗ ದೊಡ್ಡ ಬೀಗರು ಅವನ ಕೈ ಕುಲುಕಿದರು. "ನಮ್ಮ ಆ ಹೆಣ್ಣುಮಗಳಿಗೆ ನಿಮ್ಮ ಕಡೆಯಿಂದ ಏನಾದ್ರೂ ಹೇಳಬೇಕಾ?"

ಹತ್ತೊಂಬತ್ತು ವರ್ಷದ ಮಾತು ಬಾಯಿಯವರೆಗೆ ಬಂತು.

"ಗೆರೆ ಬಹಳ ಚೆನ್ನಾಗಿ ಎಳೀತಾರೆ ಅಂತ ಹೇಳಿ," ಎಂದ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ಅವಳು ನಗಲು ಹೋಗಿ ಅತ್ತಳು, ಅಳುತ್ತ ಅಳುತ್ತ ಮತ್ತೆ ನಕ್ಕಳು. ದೀಪ ಹಾಕುವ ಹೊತ್ತಿಗೆ ಫೋನು ಬಂತು. ಹದಿನೈದು ದಿನ ಆಗಿರಲಿಲ್ಲ, ಆದರೂ ಅಕ್ಕನದೇ.

"ಊರಿಗೆಲ್ಲ ನೀರು ಬಿಟ್ಟೆಯೇನೋ?" ಎಂದಳು ಅಕ್ಕ.

"ಬಿಟ್ಟೆ ಅಕ್ಕ. ಮಂಡಿ ಹೇಗಿದೆ?"

"ಮಂಡಿ ಹಾಳಾಗಲಿ."  ಮೂರನೆಯವರ ಉಸಿರು ಕೇಳುತ್ತಿತ್ತು. "ನಿನ್ನ ನೋಡೋಕೆ ಬರೋದಿತ್ತು ಕಣೋ ಇವತ್ತು. ಹೇಳದೇ ಕೇಳದೇ ಬಂದು ನಿನ್ನ ಆಫೀಸಿನ ಬಾಗಿಲಲ್ಲಿ ನಿಂತ್ಕೋಬೇಕು ಅಂತಿದ್ದೆ. ತಪ್ಪಿಹೋಯ್ತು."

"ಯಾಕೆ?"

"ನಾನೊಂದು ಚಿತ್ರ ಬರೆದಿದ್ದೆ, ನಿಮ್ಮ ಕಡೆಯವನೊಬ್ಬ ಇನ್ನೊಂದು. ಎರಡೂ ಹೊಂದದೇ ಇದ್ದಿದ್ರೆ ನನ್ನ ಕಳಿಸ್ತಿದ್ರು. ಹೊಂದಬಾರದು ಅಂತ ನಾನು ಎಷ್ಟು ಕಷ್ಟಪಟ್ಟಿದ್ದೆ ಗೊತ್ತಾ? ಆ ಪುಣ್ಯಾತ್ಮ ಹೋಗಿ ಹೋಗಿ ಅಲ್ಲೇ ತಂದು ಹೊಂದಿಸಿಟ್ಟಿದ್ದಾನೆ. ಸಾಲದ್ದಕ್ಕೆ ನಾನು ಚೆನ್ನಾಗಿ ಬರೀತೀನಿ ಅಂತ ಬೇರೆ ಹೇಳಿ ಕಳಿಸಿದ್ದಾನೆ, ಸೊಕ್ಕು ನೋಡು." ಅಕ್ಕನ ದನಿ ಒಡೆಯಿತು. "ಅವನಿಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತ ಕಾಣುತ್ತೆ. ಇದ್ದಿದ್ರೆ ಹೀಗೆ ಮಾಡ್ತಿರಲಿಲ್ಲ."

ಕೂದಲೆಳೆ ಗೋಡೆಗೆ ಒರಗಿ ನೆಲದ ಮೇಲೆ ಕೂತ.

"ಎಂಥ ಕಲ್ಲು ಮನುಷ್ಯನೋ," ಎಂದಳು ಅಕ್ಕ.

"ಹೌದಕ್ಕ."

"ಕೈ ಸೇದಿಹೋಗ ಅವನದು."

ಹೆಂಡತಿ ಪಕ್ಕದಲ್ಲಿ ಬಂದು ಕೂತು ಫೋನಿಗೆ ಕಿವಿಗೊಟ್ಟಳು. ಅಕ್ಕನಿಗೆ ಉಸಿರು ಸಾಲದೆ ಒಂದು ಕ್ಷಣ ಮಾತು ನಿಂತಿತು. ಇಲ್ಲಿಗೇ ಮುಗಿಸಿ ಇಟ್ಟುಬಿಡುತ್ತಾಳೇನೋ ಎಂದು ಕೂದಲೆಳೆಗೆ ದಿಗಿಲಾಯಿತು.

"ಆಮೇಲೆ?" ಎಂದ. "ಇನ್ನೂ ಬೈಯಕ್ಕ ಅವನನ್ನ."